ನಮ್ಮೂರ ಜಾವಾ ಗಾಡಿ, ಅದರ ಸ್ಪ್ರಿಂಗಿನ ಕತೆ

ಈ ಸಲ ಅಡುಗೆ ಬುಟ್ಟು, ಹಬ್ಬ ಬುಟ್ಟು, ಗಂಡಸರ ಮಾತಿಗೆ ಕೈ ಹಾಕಿವ್ನಿ. ಮೋಟಾರ್ ಸೈಕಲ್ಲಿನ ಚರಿತ್ರೆ. ನಗಬ್ಯಾಡಿ, ಪೂರ್ತಿ ಓದಿ ಆಮೇಲೆ ನಗಿ.

ನಮ್ಮನೆ ಜಗುಲಿ ನಿಮಗೆಲ್ಲ ಗೊತ್ತು. ಭಾನುವಾರ ಸಂಜೆ ಆದ್ರೆ ನಮ್ಮ ಯಜಮಾನ್ರು, ಮೈದುನ, ಪಕ್ಕದ ಮನೆ ಅಣ್ಣ, ಈಗ ನನ್ನ ಮಗನೂ ಸೇರ್ಕೊಂಡು ಗಾಡಿ ಮಾತು ಶುರು ಮಾಡ್ತಾರೆ. ಯಾವ ಇಂಜಿನ್ನು, ಯಾವ ರೇಸು, ಯಾರು ಗೆದ್ರು, ಅದೇ ಮಾತು. ನಡುವೆ ಒಬ್ರು ಎದ್ದೋಗಿ ಗಾಡಿ ಸೀಟಿನ ಮೇಲೆ ಎರಡೂ ಕೈ ಊರಿ ಕೆಳಕ್ಕೆ ಒತ್ತಿ, ಅದು ಹೆಂಗೆ ಮೇಲಕ್ಕೆ ಬತ್ತದೆ ಅಂತ ನೋಡ್ತಾರೆ. ಸಸ್ಪೆನ್ಷನ್ ಟೆಸ್ಟಿಂಗು ಅಂದ್ರೆ ಇದೇ ಅಂತೆ. ಮೂವತ್ತು ವರ್ಷಕ್ಕಿಂತ ಮೇಲಾಯ್ತು, ಕಾಫಿ ಲೋಟ ಕೊಟ್ಟು ತಗೊಂಡು ನಾನೂ ಇದನ್ನ ಕೇಳ್ತಾನೇ ಇವ್ನಿ. ಕೇಳಿ ಕೇಳಿ ಕಲಿತೂ ಬುಟ್ಟೆ. ಆದ್ರೆ ಅವರ ಮಾತಿನಲ್ಲಿ ಎಲ್ಲ ಬತ್ತದೆ, ಹಿಂದಿನ ಸೀಟು ಮಾತ್ರ ಬರಕಿಲ್ಲ. ಹಿಂದೆ ಕೂತೋರು ನಾವು ತಾನೇ? ಅದಕ್ಕೇ ಈ ಕತೆ ನಾನೇ ಬರೀತೀನಿ ಅಂತ ಕೂತೆ.

ಮೊದ್ಲು ಸಸ್ಪೆನ್ಷನ್ ಅಂದ್ರೇನು ಅಂತ ಹೇಳ್ಬುಡ್ತೀನಿ. ಚಕ್ರಕ್ಕೂ ಗಾಡಿ ಮೈಗೂ ನಡುವೆ ಒಂದು ಸ್ಪ್ರಿಂಗು ಇರ್ತದೆ. ಗುಂಡಿಗೆ ಚಕ್ರ ಬಿದ್ರೆ ಪೆಟ್ಟನ್ನ ಸ್ಪ್ರಿಂಗು ನುಂಗ್ತದೆ, ನಮ್ಮ ಬೆನ್ನಿಗೆ ಬರಕ್ಕೆ ಬಿಡಲ್ಲ. ಆದ್ರೆ ಬರೀ ಸ್ಪ್ರಿಂಗು ಇದ್ರೆ ತೂಗುಮಣೆ ಥರ ಗಾಡಿ ಕುಣೀತಾನೇ ಇರ್ತದೆ. ಆ ಕುಣಿತ ನಿಲ್ಸಕ್ಕೆ ಎಣ್ಣೆ ತುಂಬಿದ ಒಂದು ಕೊಳವೆ ಬೇಕು. ಒಳಗಿನ ಎಣ್ಣೆ ಸಣ್ಣ ತೂತಿನಿಂದ ನುಸುಳಿ ಹೋಗ್ಬೇಕು. ಚಕ್ಕುಲಿ ಒರಳು ಒತ್ತಿದ್ದೀರಲ್ಲ? ಹಿಟ್ಟು ಬಿಲ್ಲೆಯ ತೂತಿಂದ ಈಚೆಗೆ ಬರೋವಾಗ ಕೈಗೆ ಬಿಗಿ ಸಿಕ್ತದೆ, ಎಷ್ಟು ಜೋರಾಗಿ ಒತ್ತಿದ್ರೂ ದಡಕ್ಕನೆ ಕೆಳಗಿಳಿಯಕಿಲ್ಲ. ಎಣ್ಣೆ ಕೊಳವೆ ಮಾಡೋದೂ ಅಷ್ಟೇಯ. ಸ್ಪ್ರಿಂಗು ಪೆಟ್ಟು ತಿಂತದೆ, ಎಣ್ಣೆ ಕುಣಿತ ನಿಲ್ಸ್ತದೆ. ಗಂಡಸರು ಶಾಕು, ಡ್ಯಾಂಪಿಂಗು ಅಂತ ಗಂಟೆಗಟ್ಟಲೆ ಕೊಚ್ಚೋದು ಇಷ್ಟಕ್ಕೇ ಕಣ್ರೀ.

ಹಳೇ ಕಾಲದ ಗಾಡಿಗಳಿಗೆ ಹಿಂದಿನ ಚಕ್ರಕ್ಕೆ ಸ್ಪ್ರಿಂಗೇ ಇರ್ತಿರ್ಲಿಲ್ಲ. ನಮ್ಮ ತಾತಂದಿರ ಸೈಕಲ್ಲಿನ ಹಂಗೆ ಸೀಟಿನ ಕೆಳಗೆ ಎಲ್ಡು ಸುರುಳಿ, ಅಷ್ಟೆ. ಅಮೆರಿಕಾದಲ್ಲಿ ‘ಇಂಡಿಯನ್’ ಅಂತ ಒಂದು ಕಂಪನಿ ಇತ್ತು. ಹೆಸರು ನಮ್ಮದಾದ್ರೂ ಗಾಡಿ ನಮ್ಮದಲ್ಲ. ಅವರು 1913ರಲ್ಲೇ ಹಿಂದಿನ ಚಕ್ರಕ್ಕೆ ಪಟ್ಟಿ ಸ್ಪ್ರಿಂಗು ಹಾಕಿದ್ರು, ನಮ್ಮ ಮೈಸೂರಿನ ಟಾಂಗಾಕ್ಕೆ ಇರೋ ಥರದ್ದು. ಆದ್ರೆ ರೇಸಿನೋರು ಇದನ್ನ ಸ್ಯಾನೆ ವರ್ಷ ನಂಬಲಿಲ್ಲ. ಹಿಂದೆ ಸ್ಪ್ರಿಂಗು ಕೊಟ್ರೆ ತಿರುವಿನಲ್ಲಿ ಗಾಡಿ ಬಾಲ ಅಲ್ಲಾಡಿಸ್ತದೆ, ವೇಗವಾಗಿ ಹೋಗೋನಿಗೆ ಸುಖ ಯಾಕೆ ಅಂತ ಅವರ ವಾದ.

ಆ ವಾದ ಮುರಿದಿದ್ದು 1935ರಲ್ಲಿ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಅಂತ ಒಂದು ದ್ವೀಪ ಅದೆ. 1907ರಿಂದ ಅಲ್ಲಿ ಟಿ.ಟಿ. ಅನ್ನೋ ರೇಸು ನಡೀತದೆ. ಅದಕ್ಕೆ ಬೇರೆ ಮೈದಾನ ಇಲ್ಲ, ಊರ ರಸ್ತೆಯಲ್ಲೇ, ಮನೆ ಗೋಡೆ ಸವರಿಕೊಂಡೇ ಓಡಿಸೋದು. ಬೆಟ್ಟ ಹತ್ತಿಳಿಯೋ ಒಂದು ಸುತ್ತು ಸುಮಾರು 60 ಕಿಲೋಮೀಟರು. ಆ ವರ್ಷ ಸ್ಟ್ಯಾನ್ಲಿ ವುಡ್ಸ್ ಅನ್ನೋ ಐರಿಷ್ ಸವಾರ ಇಟಲಿಯ ಮೋಟೊ ಗುಝಿ ಗಾಡಿ ತಂದಿದ್ದ, ಹಿಂದಿನ ಚಕ್ರಕ್ಕೆ ಸ್ಪ್ರಿಂಗು ಇದ್ದದ್ದು. ಎದುರಾಳಿ ಜಿಮ್ಮಿ ಗಥ್ರಿಯ ನಾರ್ಟನ್ನಿಗೆ ಹಿಂದೆ ಸ್ಪ್ರಿಂಗಿಲ್ಲ. ಕೊನೇ ಸುತ್ತಿಗೆ ಮುಂಚೆ ವುಡ್ಸ್ ಪೆಟ್ರೋಲಿಗೆ ನಿಲ್ತಾನೆ ಅಂತ ನಾರ್ಟನ್ ಕಡೆಯೋರು ಲೆಕ್ಕ ಹಾಕಿದ್ರು. ಅವನು ನಿಲ್ಲಲೇ ಇಲ್ಲ, ಸೀದಾ ಹೋಗ್ಬುಟ್ಟ. ಗಥ್ರಿಯೇ ಗೆದ್ದ ಅಂತ ಜನ ಕೈಕುಲುಕ್ತಾ ಇರುವಾಗ ವುಡ್ಸ್ ಬಂದು ಮುಟ್ಟಿ, 4 ಸೆಕೆಂಡಿನಲ್ಲಿ ಗೆದ್ದ! ಮಾರನೇ ವರ್ಷ ನಾರ್ಟನ್ನಿನೋರೂ ತಮ್ಮ ರೇಸ್ ಗಾಡಿಗೆ ಹಿಂದೆ ಸ್ಪ್ರಿಂಗು ಹಾಕಿದ್ರು. ಮುಂದಿನ ಚಕ್ರಕ್ಕೆ ಎಣ್ಣೆ ತುಂಬಿದ ಎಲ್ಡು ಕೊಳವೆ ಕೊಟ್ಟು ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿ ಗಾಡಿ ಮಾರಕ್ಕೆ ಶುರು ಮಾಡಿದ್ದೂ ಅದೇ 1935ರಲ್ಲಿ. ಸುಖ ಅಂದ್ರೆ ಬರೀ ಸುಖ ಅಲ್ಲ, ಚಕ್ರ ನೆಲ ಬಿಡದೆ ಕಚ್ಕೊಂಡಿದ್ರೆ ವೇಗವೂ ಹೆಚ್ಚು, ಭದ್ರತೆಯೂ ಹೆಚ್ಚು ಅಂತ ಆಗ ಗೊತ್ತಾಯ್ತು.

ಈಗ ನಮ್ಮೂರಿನ ಗಾಡಿಗೆ ಬರೋಣ. ಜಾವಾ ಹುಟ್ಟಿದ್ದು ಚೆಕ್ ದೇಶದ ಪ್ರಾಗ್ ಊರಲ್ಲಿ, 1929ರಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ಮೊದ್ಲು ಬಂದೂಕು ಮದ್ದುಗುಂಡಿನ ಕಾರ್ಖಾನೆ ಇಟ್ಟಿದ್ರು. ಅವರು ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ಮಾಡೋ ಹಕ್ಕು ಕೊಂಡ್ಕೊಂಡ್ರು. ತಮ್ಮ ಹೆಸರಿನ ಮೊದಲಕ್ಷರ, ಅವರ ಹೆಸರಿನ ಮೊದಲಕ್ಷರ ಸೇರ್ಸಿ ‘ಜಾವಾ’ ಅಂತ ಇಟ್ರು. ಹಿಟ್ಲರನ ಸೈನ್ಯ ಆ ದೇಶ ಹಿಡ್ಕೊಂಡಿದ್ದಾಗ ಇಂಜಿನಿಯರುಗಳು ಗುಟ್ಟಾಗಿ ಒಂದು ಹೊಸ 250 ಸಿ.ಸಿ. ಗಾಡಿ ತಯಾರು ಮಾಡ್ತಿದ್ರು. ಯುದ್ಧ ಮುಗಿದು 1946ರಲ್ಲಿ ಪ್ಯಾರಿಸ್ ಪ್ರದರ್ಶನಕ್ಕೆ ಅದನ್ನ ಇಟ್ರೆ ಚಿನ್ನದ ಪದಕ ಬಂತು. ಅದರ ಹಿಂದಿನ ಚಕ್ರಕ್ಕೆ ಎರಡು ಕಡೆ ನಿಲುವು ಕೊಳವೆ, ಒಳಗೆ ಸ್ಪ್ರಿಂಗು. ಅದಕ್ಕೇ ಜನ ಅದನ್ನ ‘ಪೆರಾಕ್’ ಅಂದ್ರು, ಸ್ಪ್ರಿಂಗಿನೋನು ಅಂತ ಅರ್ಥ. ಯುದ್ಧದ ಕಾಲದಲ್ಲಿ ಪ್ರಾಗ್ ಜನ ಪಿಸುಪಿಸು ಅಂತ ಒಂದು ಕತೆ ಹೇಳ್ಕೋತಿದ್ರಂತೆ. ಕಾಲಿಗೆ ಸ್ಪ್ರಿಂಗು ಕಟ್ಕೊಂಡು ರಾತ್ರಿ ಹೊತ್ತು ಗೋಡೆ, ಮಾಡು ಹಾರೋ ಒಬ್ಬ ಮನುಷ್ಯ ಅವನೆ, ಯಾರ ಕೈಗೂ ಸಿಕ್ಕಲ್ಲ ಅಂತ. ಅವನ ಹೆಸರೂ ಪೆರಾಕ್. ಕಷ್ಟದಲ್ಲಿರೋ ಜನಕ್ಕೆ ಇಂಥ ಒಂದು ಕತೆ ಬೇಕಾಗ್ತದೆ ನೋಡಿ.

ನಿಲುವು ಕೊಳವೆಯಲ್ಲಿ ಚಕ್ರ ವಸಿ ಮಾತ್ರ ಮೇಲೆ ಕೆಳಗೆ ಆಡ್ತಿತ್ತು. 1950ರ ದಶಕದ ನಡುವೆ ಅದನ್ನ ಬಿಟ್ಟು, ಬಾಗಿಲಿನ ಕೀಲಿನ ಹಂಗೆ ಒಂದು ಕಡೆ ಕೀಲು ಕೊಟ್ಟು, ಇನ್ನೊಂದು ತುದೀಲಿ ಚಕ್ರ ಆಡೋ ಥರ ಮಾಡಿದ್ರು. ಗಂಡಸರು ಸ್ವಿಂಗ್ ಆರ್ಮ್ ಅಂತಾರಲ್ಲ, ಅದೇ. ಆ ಜಾವಾನೇ ಕಣ್ರೀ ನಮ್ಮ ಮೈಸೂರಿಗೆ ಬಂದಿದ್ದು.

ಹೊರದೇಶದಿಂದ ಪೂರ್ತಿ ಗಾಡಿ ತರಿಸೋದನ್ನ ಸರ್ಕಾರ ನಿಲ್ಸಿದ್ದ ಕಾಲ ಅದು. ಬೊಂಬಾಯಿನಲ್ಲಿ ಜಾವಾ ತರಿಸಿ ಮಾರ್ತಿದ್ದ ರುಸ್ತುಂ ಇರಾನಿ, ಅವರ ಜೊತೆ ಫಾರೂಖ್ ಇರಾನಿ, ಇಲ್ಲೇ ಮಾಡೋಣ ಅಂತ ಐಡಿಯಲ್ ಜಾವಾ ಕಂಪನಿ ಕಟ್ಟಿದ್ರು. ಯಾದವಗಿರಿಯಲ್ಲಿ ಕಾರ್ಖಾನೆ ಬಂತು. 1961ರಲ್ಲಿ ಉದ್ಘಾಟನೆ ಮಾಡಿದೋರು ನಮ್ಮ ಮಹಾರಾಜರು ಜಯಚಾಮರಾಜೇಂದ್ರ ಒಡೆಯರ್, ಆಗ ಅವರು ರಾಜ್ಯಪಾಲರಾಗಿದ್ರು. ರೇಷ್ಮೆ, ಗಂಧದೆಣ್ಣೆ, ಅಗರಬತ್ತಿ ಊರು ಅನ್ನಿಸ್ಕೊಂಡಿದ್ದ ಮೈಸೂರು ಮೋಟಾರ್ ಸೈಕಲ್ ಊರೂ ಆಯ್ತು. ಶಿಫ್ಟು ಮುಗಿಸಿ ಬರೋ ಗಂಡನಿಗೆ ಊಟ, ತಿಂಗಳ ಸಂಬಳದಲ್ಲಿ ಚೀಟಿ, ಮಗಳ ಮದುವೆ, ಎಷ್ಟು ಸಂಸಾರ ಆ ಗೇಟಿನ ಲೆಕ್ಕದ ಮೇಲೆ ನಡೀತು!

ಜಾವಾದ ವಿಶೇಷ ಏನಂದ್ರೆ, ಕಿಕ್ ಹೊಡೆಯೋ ಕೋಲೇ ಗೇರ್ ಕೋಲು. ಹಿಂದಕ್ಕೆ ಮಡಚಿ ಒದ್ದು ಸ್ಟಾರ್ಟ್ ಮಾಡಿ, ಮುಂದಕ್ಕೆ ತಿರುಗ್ಸಿ ಗೇರ್ ಹಾಕೋದು. ಒಂದೇ ಸಿಲಿಂಡರು, ಆದ್ರೆ ಸೈಲೆನ್ಸರು ಎಲ್ಡು, ಬಲಕ್ಕೊಂದು ಎಡಕ್ಕೊಂದು. ಸೀರೆ ಉಟ್ಟು ಒಂದೇ ಕಡೆ ಕಾಲು ಇಳಿಬಿಟ್ಟು ಕೂರೋರಿಗೆ ಕಾಲ ತಾವ ಬಿಸಿ ಪೈಪು ತಪ್ಪಿದ್ದಲ್ಲ. ಆ ಗುಡುಗುಡು ಶಬ್ದ ಮಾತ್ರ ಬೀದಿ ಕೊನೇಲಿ ಕೇಳಿದ್ರೆ ಒಳಗೆ ಅನ್ನಕ್ಕೆ ಇಡಬಹುದಿತ್ತು.

ರೇಸೂ ಇತ್ತು. ಮದರಾಸಿನ ತಾವ ಶೋಲಾವರಂ ಅಂತ ಒಂದು ಜಾಗ, ಮಹಾಯುದ್ಧದ ಕಾಲದ ವಿಮಾನದ ಓಡುಪಟ್ಟಿ. ಯುದ್ಧ ಮುಗಿದ ಮೇಲೆ ಅಲ್ಲಿ ರೇಸು ನಡೀತಿದ್ವು. ಗಾಡಿ ಹುಚ್ಚಿನೋರು ನಮ್ಮ ಕಡೆಯಿಂದಲೂ ಹೋಗ್ತಿದ್ರು. ಅಣ್ಣಾವ್ರು 1976ರಲ್ಲಿ ‘ನಾ ನಿನ್ನ ಮರೆಯಲಾರೆ’ ಚಿತ್ರದಲ್ಲಿ ಬೈಕ್ ರೇಸಿನೋನ ಪಾತ್ರ ಮಾಡಿದ್ರು, ನಿಮಗೆಲ್ಲ ನೆನಪಿರ್ತದೆ. ಆ ಸಿನಿಮಾ ಬಂದ ಮೇಲೆ ಬೈಕು ಅಂದ್ರೆ ಪೋಲಿ ಹುಡುಗರದ್ದು ಅನ್ನೋ ಮಾತು ನಮ್ಮ ಮನೆಗಳಲ್ಲಿ ವಸಿ ಕಮ್ಮಿ ಆಯ್ತು.

1973ರಲ್ಲಿ ಜಾವಾ ಹೆಸರು ಹೋಗಿ ‘ಯೆಜ್ಡಿ’ ಬಂತು. ಹೆಸರು ಮಾತ್ರ ಬೇರೆ, ಕಾರ್ಖಾನೆ ಅದೇ, ಕೈಗಳೂ ಅವೇ. ಅದೇ 1973ರಲ್ಲಿ ಯೂರೋಪಿನಲ್ಲಿ ಇನ್ನೊಂದು ಸಂಗತಿ ನಡೀತು. ಬೆಲ್ಜಿಯಂ ದೇಶದ ಲೂಸಿಯನ್ ಟಿಲ್ಕೆನ್ಸ್ ಅನ್ನೋ ಇಂಜಿನಿಯರು ಹಿಂದಿನ ಚಕ್ರಕ್ಕೆ ಎರಡು ಶಾಕಿನ ಬದಲು ಒಂದೇ ಉದ್ದ ಶಾಕು ಸಾಕು ಅಂತ ತೋರಿಸಿದ್ರು. ಜಪಾನಿನ ಯಮಹಾ ಅದನ್ನ ತಗೊಂಡು ಮಣ್ಣಿನ ರೇಸಿಗೆ ಇಳೀತು. ಸ್ವೀಡನ್ನಿನ ಹಾಕನ್ ಆಂಡರ್ಸನ್ ಆ ಗಾಡೀಲಿ ಆ ವರ್ಷದ 250 ಸಿ.ಸಿ. ವಿಶ್ವ ಪಟ್ಟ ಗೆದ್ದ. ಈಗ ನಮ್ಮ ಮಕ್ಕಳು ‘ಮೋನೋಶಾಕ್ ಗಾಡೀನೇ ಬೇಕು’ ಅಂತ ಹಟ ಹಿಡೀತಾರಲ್ಲ, ಅದರ ಬೇರು ಅಲ್ಲಿ ಅದೆ.

1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ಬಂತು, ಹುಡುಗರ ಕಣ್ಣಿನ ಬೊಂಬೆ. ಆದ್ರೆ 1980ರ ದಶಕದ ನಡುವೆ ಜಪಾನ್ ಕಂಪನಿಗಳ ಜೊತೆ ಸೇರಿ ಮಾಡಿದ 100 ಸಿ.ಸಿ. ಗಾಡಿಗಳು ಬಂದ್ವು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ಲೀಟರಿಗೆ 80 ಕಿಲೋಮೀಟರು ಅಂತ ಜಾಹೀರಾತು ಕೊಡ್ತು. ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯೋ ಯೆಜ್ಡಿ ಅದರ ಅರ್ಧ ಕೊಟ್ರೆ ಹೆಚ್ಚು. ಮನೆ ಖರ್ಚು ನೋಡೋ ಹೆಂಗಸು ಯಾವುದನ್ನ ಆರಿಸ್ತಾಳೆ ಹೇಳಿ? 1991ರಲ್ಲಿ ಹೊಗೆ ನಿಯಮ ಬಂದು, 1996ರಲ್ಲಿ ಇನ್ನೂ ಬಿಗಿ ಆಯ್ತು. ಅದೇ 1996ರಲ್ಲಿ ಯಾದವಗಿರಿ ಕಾರ್ಖಾನೆ ಮುಚ್ಚಿತು. 35 ವರ್ಷದ ಕೆಲಸ. ಗಂಡಸರು ಇಂಜಿನ್ನು ಹೋಯ್ತು ಅಂತ ಅಳ್ತಾರೆ. ಅದರ ಸಂಬಳದಲ್ಲಿ ಬದುಕ್ತಿದ್ದ ಮನೆಗಳ ಹೆಂಗಸರು ಹೊಲಿಗೆ ಮಿಷನ್ನು ತುಳಿದ್ರು, ಚಿಪ್ಸು ಹಪ್ಪಳ ಮಾರಿದ್ರು, ಮಕ್ಕಳನ್ನ ಓದಿಸಿದ್ರು. ಗಾಡಿ ಚರಿತ್ರೆ ಬರೆಯೋರು ಆ ಪುಟ ಬರೆಯಲ್ಲ.

ಜಾವಾ ಹೆಸರಲ್ಲಿ 2018ರಲ್ಲಿ ಹೊಸ ಗಾಡಿ ಬಂತು, ಪೆರಾಕ್ ಹೆಸರೂ ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಇವು ಮೈಸೂರಿನಲ್ಲಿ ತಯಾರಾಗಲ್ಲ. ಆದ್ರೆ ಜುಲೈ ತಿಂಗಳ ಎರಡನೇ ಭಾನುವಾರ ಹಳೇ ಗಾಡಿ ಇಟ್ಕೊಂಡೋರೆಲ್ಲ ತೊಳೆದು, ಒರೆಸಿ, ಜಾವಾ ದಿನ ಅಂತ ಸಾಲಾಗಿ ಹೊರಡ್ತಾರೆ. ನೋಡಕ್ಕೆ ಚೆಂದ.

ಈಗ ನನ್ನ ಮಾತು. ನಾನು ಮದುವೆಯಾಗಿ ಬಂದಾಗ ಈ ಮನೇಲಿ ಒಂದು ಹಳೇ ಯೆಜ್ಡಿ ಇತ್ತು. ಎಂಟು ತಿಂಗಳ ಬಸುರಿ ಅದರ ಹಿಂದೇನೇ ಕೂತು ಡಾಕ್ಟರ ತಾವ ಹೋಗಿವ್ನಿ. ‘ಹಂಪು ಬಂದ್ರೆ ಇಳಿದು ನಡ್ಕೊಂಡು ದಾಟಮ್ಮ’ ಅಂತಿದ್ರು ನಮ್ಮತ್ತೆ. ಮುಂದೆ ಟ್ಯಾಂಕಿನ ಮೇಲೆ ಒಂದು ಮಗು, ನಡುವೆ ಒಂದು, ಹಿಂದೆ ನಾವು, ತೊಡೆ ಮೇಲೆ ಚೀಲ. ಕಂಪನಿಯೋರು ಯಾವ ತೂಕ ಇಟ್ಟು ಪರೀಕ್ಷೆ ಮಾಡಿದ್ರೋ, ನಮ್ಮ ದೇಶದ ಸಂಸಾರಸ್ಥರು ಅದಕ್ಕಿಂತ ದೊಡ್ಡ ಪರೀಕ್ಷೆ ದಿನಾ ಮಾಡಿವಿ. ಅದಕ್ಕೇ ಹಿಂದೆ ಕೂತೋರ ಪರವಾಗಿ ಕಾನೂನೂ ಬಂತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೇ ನಿಯಮ ಓದಿ: ಹಿಂದೆ ಕೂರೋರಿಗೆ ಕೈ ಹಿಡಿ, ಕಾಲು ಇಡೋ ಜಾಗ, ಬಟ್ಟೆ ಸಿಕ್ಕದ ಹಂಗೆ ಹಿಂದಿನ ಚಕ್ರದ ಅರ್ಧಕ್ಕೆ ಕಮ್ಮಿ ಇಲ್ಲದಂಗೆ ಮರೆ, ಮೂರೂ ಕಂಪನಿಯೇ ಕೊಡ್ಬೇಕು. ನಾವು ಸೀರೆ ಗಾರ್ಡು ಅನ್ನೋದು ಅದನ್ನೇ. ಚೆಂದಕ್ಕೆ ಅಂತ ಮಗ ಅದನ್ನ ಬಿಚ್ಚಿಸಿದ್ರೆ ಸುಮ್ಕಿರಬ್ಯಾಡಿ. ಹಿಂದೆ ಕೂರೋರಿಗೂ ಹೆಲ್ಮೆಟ್ಟು ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರಿಂದ ಅದೆ.

ಇನ್ನೊಂದು ವಿಷಯ ತಿಳ್ಕೊಳ್ಳಿ. ಸ್ಯಾನೆ ಗಾಡಿಗಳ ಹಿಂದಿನ ಶಾಕಿಗೆ ಮೆಟ್ಟಿಲು ಮೆಟ್ಟಿಲಾಗಿ ತಿರುಗಿಸೋ ಒಂದು ಬಳೆ ಇರ್ತದೆ. ಒಬ್ರೇ ಓಡಿಸೋವಾಗ ಸಡಿಲ, ಇಬ್ರು ಕೂತಾಗ ಒಂದೆರಡು ಮೆಟ್ಟಿಲು ಬಿಗಿ ಮಾಡ್ಬೇಕು. ಮಾಡದಿದ್ರೆ ಹಿಂದೆ ಕುಸಿದು ಮುಂದಿನ ಲೈಟು ಮರ ನೋಡ್ತದೆ, ರಸ್ತೆ ಕಾಣಲ್ಲ. ಮುಂದಿನ ಕೊಳವೆ ಮೇಲೆ ಎಣ್ಣೆ ಪಸೆ ಕಂಡ್ರೆ ಒಳಗಿನ ಸೀಲು ಹೋಗದೆ ಅಂತ ಲೆಕ್ಕ. ಸೀಟು ಒತ್ತಿ ಬಿಟ್ರೆ ಒಂದು ಸಲ ಎದ್ದು ನಿಲ್ಲಬೇಕು, ಮೂರ್ನಾಲ್ಕು ಸಲ ಕುಣಿದ್ರೆ ಶಾಕು ಸತ್ತಂಗೆ. ಇದನ್ನ ನೋಡಕ್ಕೆ ಇಂಜಿನಿಯರಿಂಗು ಬ್ಯಾಡ, ಚಕ್ಕುಲಿ ಒರಳು ಒತ್ತಿದ ಕೈ ಸಾಕು.

ಮುಂದಿನ ಸಲ ನಿಮ್ಮನೆ ಗಂಡಸರು ಗಾಡಿ ಸುತ್ತ ನಿಂತ್ಕೊಂಡ್ರೆ ನೀವೂ ಹೋಗಿ ಸೀಟು ಒತ್ತಿ, ‘ಬಳೆ ಎಷ್ಟನೇ ಮೆಟ್ಟಿಲಲ್ಲಿ ಅದೆ?’ ಅಂತ ಕೇಳಿ. ಏನು ಹೇಳಿದ್ರು ಅಂತ ನನಗೆ ಬರೀರಿ.