ಜಾಲಿಮರದ ಎರಡು ಜೀರ್ಜಿಂಬೆಗಳು

ತಾವರೆಕೆರೆ: ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಬಯಲಲ್ಲಿ ಬಾಲ್ಯ ಕಳೆದವರಿಗೆ ಜೀರ್ಜಿಂಬೆಯನ್ನು ಪರಿಚಯಿಸಬೇಕಿಲ್ಲ. ಮಳೆ ಬಿದ್ದೊಡನೆ ಜಾಲಿಮರಗಳಲ್ಲಿ ಹುಡುಕಿ, ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕುತ್ತಿದ್ದ ಹುಳುವದು. ಆದರೆ ಹಸಿರು ರೆಕ್ಕೆಯದು ಗಂಡು, ಕಂದು ರೆಕ್ಕೆಯದು ಹೆಣ್ಣು ಎಂದು ಯಾರಾದರೂ ಭಾವಿಸಿದ್ದರೆ ಅದು ತಪ್ಪು. ಇವು ಒಂದೇ ಕುಲಕ್ಕೆ ಸೇರಿದ ಎರಡು ಪ್ರತ್ಯೇಕ ಪ್ರಭೇದಗಳು.

ಹಸಿರು ಹುಳು ಸ್ಟರ್ನೋಸೆರಾ ಸ್ಟರ್ನಿಕಾರ್ನಿಸ್. 1758ರಲ್ಲಿ ಲಿನೇಯಸ್ ಇದನ್ನು ದಾಖಲಿಸಿದನು. ತಲೆಯಿಂದ ಬೆನ್ನಿನ ತುದಿಯವರೆಗೆ ಲೋಹದ ಹಸಿರು. ರೆಕ್ಕೆಗವಚದ ಮೇಲೆ ಬಿಳಿಚುಕ್ಕೆಗಳಂತೆ ಕಾಣುವ ಸಣ್ಣ ಕುಳಿಗಳು. ಇನ್ನೊಂದು ಸ್ಟರ್ನೋಸೆರಾ ಕ್ರೈಸಿಸ್, 1775ರಲ್ಲಿ ಫೆಬ್ರೀಷಿಯಸ್ ಹೆಸರಿಸಿದ್ದು. ಇದರ ತಲೆ, ಕುತ್ತಿಗೆಯ ಭಾಗ ಮಾತ್ರ ಹೊಳೆಯುವ ಹಸಿರು. ರೆಕ್ಕೆಗವಚ ಹುಣಸೆಬೀಜದ ಬಣ್ಣ. ಗಾತ್ರದಲ್ಲಿ ಎರಡೂ ಸುಮಾರು 4 ಸೆಂ.ಮೀ. ಇರುವುದರಿಂದ ಅಳತೆ ನೋಡಿ ಪ್ರಯೋಜನವಿಲ್ಲ, ರೆಕ್ಕೆಯನ್ನೇ ನೋಡಬೇಕು.

ಹೊಳಪಿನ ಕಾರಣವೂ ಕುತೂಹಲಕರ. ಹಸಿರು ಎಂಬುದು ಇಲ್ಲಿ ಬಳಿದ ಬಣ್ಣವಲ್ಲ. ಕವಚದ ಮೇಲ್ಪದರದಲ್ಲಿರುವ ಅತಿ ತೆಳುವಾದ ಅನೇಕ ಪದರಗಳು ಬೆಳಕನ್ನು ಪ್ರತಿಫಲಿಸುವುದರಿಂದ ಆ ವರ್ಣ ಮೂಡುತ್ತದೆ. ಹುಳುವನ್ನು ಓರೆಯಾಗಿ ಹಿಡಿದರೆ ಅದು ನೀಲಿಯತ್ತ ಹೊರಳುತ್ತದೆ, ಸತ್ತ ಮೇಲೂ ಮಾಸುವುದಿಲ್ಲ. ಈ ಗುಣದಿಂದಾಗಿಯೇ 19ನೇ ಶತಮಾನದಲ್ಲಿ ಭಾರತದ ಕಸೂತಿಗಾರರು ಇಂಥ ರೆಕ್ಕೆಗಳನ್ನು ಮಸ್ಲಿನ್ ಬಟ್ಟೆಗೆ ಹೊಲಿದು ವಿದೇಶಕ್ಕೆ ಕಳುಹಿಸುತ್ತಿದ್ದರು. 1888ರಲ್ಲಿ ಲಂಡನ್ನಿನ ರಂಗದ ಮೇಲೆ ಲೇಡಿ ಮ್ಯಾಕ್‌ಬೆತ್ ಪಾತ್ರಕ್ಕಾಗಿ ನಟಿ ಎಲೆನ್ ಟೆರಿ ಧರಿಸಿದ ಉಡುಪಿನಲ್ಲಿಯೂ ಸಾವಿರದಷ್ಟು ಜೀರ್ಜಿಂಬೆ ರೆಕ್ಕೆಗಳಿದ್ದವು. ಒಂದು ಶತಮಾನ ದಾಟಿದರೂ ಅವು ಮಿನುಗುತ್ತಲೇ ಇವೆ.

ಜೀವನಕ್ರಮದಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸ ಹೆಚ್ಚಿಲ್ಲ. ಪ್ರೌಢ ಹುಳುವಿಗೆ ಜಾಲಿಯ ಎಲೆ ಆಹಾರ. ಈ ಕುಟುಂಬದ ಬಹುತೇಕ ಹುಳುಗಳ ಮರಿಗಳು ಮರ ಕೊರೆದು ಬೆಳೆದರೆ, ಇವುಗಳ ಮರಿಗಳು ಮಣ್ಣಿನೊಳಗೆ ಬೇರು ತಿಂದು ಬೆಳೆಯುತ್ತವೆ. ಹೀಗಾಗಿ ಬದುವಿನ ಜಾಲಿಯ ಕೊಂಬೆ ಸವರಿದರೆ ಆಗುವ ನಷ್ಟವೇ ಬೇರೆ, ಜೆಸಿಬಿಯಿಂದ ಬುಡಸಮೇತ ಕಿತ್ತು ನೆಲ ಮಟ್ಟಮಾಡಿದರೆ ಆಗುವ ನಷ್ಟವೇ ಬೇರೆ. ಎರಡನೆಯದರಲ್ಲಿ ಮುಂದಿನ ಮಳೆಗೆ ಮೇಲೆ ಬರಬೇಕಾದ ಹುಳುವೂ ಹೋಗುತ್ತದೆ.

ಬೆಂಕಿಪೊಟ್ಟಣದಲ್ಲಿಟ್ಟ ಹುಳು ಕೆಲವೊಮ್ಮೆ ಮೊಟ್ಟೆಯಿಡುವುದುಂಟು. ಮಕ್ಕಳಿಗೆ ಅದೊಂದು ಸಂಭ್ರಮ. ಆದರೆ ಅಲ್ಲಿ ಮಣ್ಣೂ ಇಲ್ಲ, ಬೇರೂ ಇಲ್ಲ.