ಪರೀಕ್ಷೆ ಬರೆದು ಒಳಗೆ ಬಂದವರು

ನಮ್ಮ ಮನೆಗೆ ವಿಮೆ ಬಂದದ್ದು ಅಪ್ಪನ ಸಂಬಳದ ಪಟ್ಟಿಯಿಂದ. ಅವರು ತಿಪಟೂರು ಕಡೆಯ ಸರ್ಕಾರಿ ಶಾಲೆಯ ಮೇಷ್ಟ್ರು. ತಿಂಗಳು ತಿಂಗಳೂ ಕೆಜಿಐಡಿಗೆ, ಅಂದರೆ ಸರ್ಕಾರಿ ವಿಮಾ ಇಲಾಖೆಗೆಂದು ಒಂದಿಷ್ಟು ಹಣ ಮುರಿದುಕೊಂಡೇ ಸಂಬಳ ಕೈಗೆ ಬರುತ್ತಿತ್ತು. ಆ ಪದ್ಧತಿ ಶುರುವಾದದ್ದು 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ. ನೌಕರ ಸತ್ತರೆ ಅವನ ಸಂಸಾರ ಬೀದಿಗೆ ಬೀಳಬಾರದೆಂದು ಮೈಸೂರು ಸರ್ಕಾರ ತಾನೇ ವಿಮೆ ಮಾಡಿಸಲು ನಿಂತಿತು. ಖಾಸಗಿ ಕಂಪನಿಗಳ ಕಾಲದಲ್ಲಿ ಒಂದು ಸಂಸ್ಥಾನ ಇಂಥ ಹೊಣೆ ಹೊತ್ತದ್ದು ಸಣ್ಣ ವಿಷಯವಲ್ಲ. ಆದರೆ ಅದು ಸರ್ಕಾರಿ ನೌಕರರಿಗೆ ಮಾತ್ರ. ರಾಗಿ ಬೆಳೆಯುವವನಿಗೂ ಕೊಬ್ಬರಿ ವ್ಯಾಪಾರಿಗೂ ಅದರಲ್ಲಿ ಜಾಗವಿರಲಿಲ್ಲ.

ನಾನು 80ರ ದಶಕದ ಮೊದಲಲ್ಲಿ ಎಲ್‌ಐಸಿಗೆ ಎಎಒ, ಅಂದರೆ ಸಹಾಯಕ ಆಡಳಿತಾಧಿಕಾರಿಯಾಗಿ ಸೇರಿದೆ. ಪದವಿ ಮುಗಿಸಿ, ಅಖಿಲ ಭಾರತ ಪರೀಕ್ಷೆ ಬರೆದು, ಸಂದರ್ಶನ ದಾಟಿ, ಪ್ರೊಬೇಷನರ್ ಆಗಿ ಬಂದವಳು. ಆಗ ಕಚೇರಿಯಲ್ಲಿ ನಿವೃತ್ತಿಯ ಹತ್ತಿರವಿದ್ದ ಹಿರಿಯರು ಕೆಲವರಿದ್ದರು. ಅವರೆಲ್ಲ ಹಳೆಯ ಖಾಸಗಿ ಕಂಪನಿಗಳಲ್ಲಿ ಕೆಲಸ ಶುರು ಮಾಡಿದವರು. ಕಂಪನಿ ಸೇರಿದ್ದು ಹೇಗೆಂದು ಕೇಳಿದರೆ ಹೆಚ್ಚುಕಡಿಮೆ ಒಂದೇ ಉತ್ತರ: ಸೋದರಮಾವನ ಪರಿಚಯ, ಡೈರೆಕ್ಟರ ಊರಿನವರು, ಯಾರೋ ಕೊಟ್ಟ ಶಿಫಾರಸು ಪತ್ರ. ಇದನ್ನು ಹೇಳುವಾಗ ಅವರಿಗೆ ಸಂಕೋಚವೇನೂ ಇರಲಿಲ್ಲ. ಕೆಲಸ ಸಿಗುತ್ತಿದ್ದದ್ದೇ ಹಾಗೆ.

ಕಂಪನಿಗಳ ಹುಟ್ಟಿನಲ್ಲೇ ನಮ್ಮವರು, ಹೊರಗಿನವರು ಎಂಬ ಗೆರೆ ಇತ್ತು. 1818ರಲ್ಲಿ ಕಲ್ಕತ್ತೆಯಲ್ಲಿ ಶುರುವಾದ ಓರಿಯೆಂಟಲ್ ಕಂಪನಿ ಮುಖ್ಯವಾಗಿ ಯುರೋಪಿಯನ್ ಕುಟುಂಬಗಳಿಗಾಗಿ ಹುಟ್ಟಿದ್ದು. ಭಾರತೀಯರ ಜೀವಕ್ಕೆ ವಿಮೆ ಕೊಟ್ಟರೂ ಹೆಚ್ಚಿನ ಕಂತು ಕೇಳುತ್ತಿದ್ದರು. 1870ರಲ್ಲಿ ಬಾಂಬೆ ಮ್ಯೂಚುಯಲ್ ಬಂದು ಭಾರತೀಯರಿಗೂ ಸಾಮಾನ್ಯ ದರವನ್ನೇ ಹಾಕಿತು. 1905ರ ಸ್ವದೇಶಿ ಚಳವಳಿಯ ಹಿಂದೆಯೇ ಮದರಾಸಿನಲ್ಲಿ ಯುನೈಟೆಡ್ ಇಂಡಿಯಾ, ಕಲ್ಕತ್ತೆಯಲ್ಲಿ ನ್ಯಾಷನಲ್, ಹೀಗೆ ಸಾಲಾಗಿ ಕಂಪನಿಗಳು ಎದ್ದವು. ದೇಶಪ್ರೇಮದಿಂದ ಹುಟ್ಟಿದವೂ ಇದ್ದವು, ಜನರ ಹಣದ ಮೇಲೆ ಕಣ್ಣಿಟ್ಟು ಹುಟ್ಟಿದವೂ ಇದ್ದವು.

1955ರ ಡಿಸೆಂಬರ್‌ನಲ್ಲಿ ಫಿರೋಜ್ ಗಾಂಧಿ ಲೋಕಸಭೆಯಲ್ಲಿ ಎದ್ದು ನಿಂತು, ದಾಲ್ಮಿಯಾ ಒಡೆತನದ ಭಾರತ್ ಇನ್ಶೂರೆನ್ಸ್‌ನಲ್ಲಿ ಪಾಲಿಸಿದಾರರ ಹಣ ಎಲ್ಲಿಗೆ ಹರಿಯಿತೆಂದು ಬಿಡಿಸಿಟ್ಟರು. ಮರುತಿಂಗಳು, ಜನವರಿ 19ರಂದು ಸುಗ್ರೀವಾಜ್ಞೆ ಬಂತು. ಹಣಕಾಸು ಮಂತ್ರಿ ಸಿ.ಡಿ. ದೇಶಮುಖರು ಅದನ್ನು ರೇಡಿಯೊದಲ್ಲಿ ದೇಶಕ್ಕೆ ತಿಳಿಸಿದರು. 1956ರ ಸೆಪ್ಟೆಂಬರ್ 1ಕ್ಕೆ 245 ಕಂಪನಿಗಳೂ ಸೊಸೈಟಿಗಳೂ ಸೇರಿ ಒಂದು ನಿಗಮವಾಯಿತು. ಸರಿಯಾಗಿ ಎರಡು ತಿಂಗಳಿಗೆ ನಮ್ಮ ರಾಜ್ಯವೂ ಒಂದಾಯಿತು.

ರಾಷ್ಟ್ರೀಕರಣವೆಂದರೆ ಬಂಡವಾಳದ ಕತೆಯನ್ನೇ ಎಲ್ಲರೂ ಬರೆಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ನಿಗಮ ತನ್ನ ಅಧಿಕಾರಿಗಳನ್ನು ಪರೀಕ್ಷೆಯಿಂದ ಆರಿಸತೊಡಗಿತು. ಇದರಿಂದ ಯಾರ ಮಗಳೂ ಅಲ್ಲದ ನನ್ನಂಥವಳಿಗೆ ಬಾಗಿಲು ತೆರೆಯಿತು. ಸಂದರ್ಶನಕ್ಕೆ ಮದರಾಸಿಗೆ ಹೋದಾಗ ಮೌಂಟ್ ರೋಡಿನ ಎಲ್‌ಐಸಿ ಕಟ್ಟಡವನ್ನು ಕತ್ತೆತ್ತಿ ನೋಡಿದ್ದೆ. ಅದಕ್ಕೆ ಅಡಿಪಾಯ ಹಾಕಿಸಿದ್ದು ಯುನೈಟೆಡ್ ಇಂಡಿಯಾ ಕಂಪನಿಯ ಚೆಟ್ಟಿಯಾರರು. ಕಟ್ಟುತ್ತಿರುವಾಗಲೇ ಕಂಪನಿ ರಾಷ್ಟ್ರದ್ದಾಯಿತು. 1959ರಲ್ಲಿ ಉದ್ಘಾಟನೆಯಾದದ್ದು ನಿಗಮದ ಕಟ್ಟಡವಾಗಿ.

ತರಬೇತಿ ಎಂದರೆ ಪಾಠ ಸ್ವಲ್ಪ, ಮೇಜು ಹೆಚ್ಚು. ಹೊಸ ವ್ಯವಹಾರ, ಲೆಕ್ಕಪತ್ರ, ಕ್ಲೇಮು ಎಂದು ಒಂದೊಂದು ವಿಭಾಗದಲ್ಲೂ ಕೂರಿಸುತ್ತಿದ್ದರು. ನನಗೆ ಹಿಡಿಸಿದ್ದು ಅಂಡರ್‌ರೈಟಿಂಗ್. ಪ್ರಪೋಸಲ್ ಫಾರಂ, ಏಜೆಂಟನ ಗೋಪ್ಯ ವರದಿ, ಡಾಕ್ಟರ ವರದಿ, ವಯಸ್ಸಿನ ದಾಖಲೆ ಇಷ್ಟನ್ನು ಎದುರಿಗಿಟ್ಟುಕೊಂಡು, ನೋಡದ ಮನುಷ್ಯನ ಜೀವದ ಬಗ್ಗೆ ತೀರ್ಮಾನ ಮಾಡಬೇಕು. ಶಾಲೆ ಮೆಟ್ಟಿಲು ಹತ್ತದವರ ವಯಸ್ಸಿಗೆ ಜಾತಕವೂ ಬರುತ್ತಿತ್ತು. ಹಳದಿ ಕಾಗದದ ಮೇಲಿನ ಸಂವತ್ಸರ, ಮಾಸ, ತಿಥಿಗಳನ್ನು ಇಂಗ್ಲಿಷ್ ತಾರೀಖಿಗೆ ತರುವುದನ್ನು ನಾನು ಮೊದಲು ಕಲಿತದ್ದು ಅಜ್ಜಿಯಿಂದ, ಆಮೇಲೆ ಆಫೀಸಿನಲ್ಲಿ.

ಒಮ್ಮೆ ನಾನು ಸರಿ ಎಂದು ಬರೆದಿದ್ದ ಕಡತವನ್ನು ಮ್ಯಾನೇಜರು ವಾಪಸು ತಂದರು. "ಏನಮ್ಮಾ, ತಂದೆ ತೀರಿಕೊಂಡಾಗ ವಯಸ್ಸು 42, ಕಾರಣ ಜ್ವರ ಅಂತಿದೆ. ಅಣ್ಣನೂ 40ಕ್ಕೆ ಹೋಗಿದ್ದಾನೆ, ಅಲ್ಲೂ ಜ್ವರ. ಯಾವ ಜ್ವರ ಅಂತ ಏಜೆಂಟನ್ನ ಕೇಳಿದ್ರಾ?" ಗದರಲಿಲ್ಲ, ಪಕ್ಕದಲ್ಲಿ ಕೂತು ಇನ್ನೊಂದು ಸಲ ಓದಿಸಿದರು. 1938ರ ವಿಮಾ ಕಾಯಿದೆಯ 45ನೇ ಕಲಮನ್ನು ಅವರು ಹೇಳಿಕೊಟ್ಟದ್ದೂ ಹಾಗೆಯೇ. ಪಾಲಿಸಿ ಕೊಟ್ಟು ಎರಡು ವರ್ಷವಾದ ಮೇಲೆ, ಬೇಕೆಂದೇ ಮಾಡಿದ ಮೋಸವನ್ನು ರುಜುವಾತು ಮಾಡದೆ ಕಂಪನಿ ತಕರಾರು ತೆಗೆಯುವಂತಿಲ್ಲ ಎಂಬ ನಿಯಮ ಅದು. "ಈಗ ಕೇಳದೆ ಬಿಟ್ಟು, ಆಮೇಲೆ ವಿಧವೆಯನ್ನು ಕೇಳೋಕೆ ನಮಗೆ ಮುಖ ಇಲ್ಲ" ಎಂದರು. ಆ ಕಲಮು ಈಗ ಬದಲಾಗಿದೆ. ಅವರ ಮಾತು ನನ್ನ ಸೇವೆಯ ಕೊನೆಯವರೆಗೂ ಉಳಿಯಿತು.

ಹೆಂಗಸರ ಫಾರಂಗಳು ಬಂದಾಗ ನನಗೆ ಕಸಿವಿಸಿಯಾಗುತ್ತಿತ್ತು. ಹೆರಿಗೆಯಲ್ಲಿ ಸಾವು ಹೆಚ್ಚಿದ್ದ ಕಾಲದಲ್ಲಿ ಕಂಪನಿಗಳು ಹೆಣ್ಣಿನ ಜೀವಕ್ಕೆ ಹೆದರುತ್ತಿದ್ದವು, ಹೆಚ್ಚುವರಿ ಕಂತು ಹಾಕುತ್ತಿದ್ದವು. ಆ ಹೆದರಿಕೆಯ ನೆರಳು ನಿಗಮದ ನಿಯಮಗಳಲ್ಲೂ ಉಳಿದಿತ್ತು. ಸಂಪಾದಿಸುವ ಹೆಣ್ಣು ಮೊದಲ ವರ್ಗ. ಮನೆಯಲ್ಲಿ, ಹೊಲದಲ್ಲಿ ದಿನವಿಡೀ ದುಡಿದರೂ ಕೈಗೆ ಸಂಬಳ ಬಾರದವಳು ಮೂರನೇ ವರ್ಗ. ಅವಳಿಗೆ ವಿಮೆ ಬೇಕೆಂದರೆ ಗಂಡನಿಗೆ ಎಷ್ಟಿದೆ ಎಂದು ನೋಡುತ್ತಿದ್ದರು. ಅದು ಅನ್ಯಾಯವೆಂದು ಅಂದೂ ಅನ್ನಿಸಿತ್ತು, ಇಂದೂ ಅದನ್ನೇ ಹೇಳುತ್ತೇನೆ. ಅವಳು ಸತ್ತರೆ ಮನೆಗಾಗುವ ನಷ್ಟ ಯಾರ ಸಾವಿಗಿಂತಲೂ ಕಡಿಮೆಯಲ್ಲ.

ಒಳಗೆ ಬಂದ ಹೆಂಗಸರಿಗೂ ಬೇರೆ ಪ್ರಶ್ನೆಗಳಿದ್ದವು. ದೆಹಲಿಯ ನಿಗಮದ ಕಚೇರಿಯೊಂದರಲ್ಲಿ ಪರೀಕ್ಷೆ, ಸಂದರ್ಶನ ಎರಡನ್ನೂ ಗೆದ್ದು ಸೇರಿದ ಒಬ್ಬ ತರುಣಿಯನ್ನು, ಹೆರಿಗೆ ರಜೆಯ ನಂತರ, ಪ್ರೊಬೇಷನ್ ಮುಗಿಯುವ ಮೊದಲೇ ಕೆಲಸದಿಂದ ತೆಗೆದರು. ನೇಮಕದ ಹೊತ್ತಿನ ಘೋಷಣಾ ಪತ್ರದಲ್ಲಿ ಆಕೆ ಸುಳ್ಳು ಬರೆದಳೆಂಬುದು ಆರೋಪ. ಆ ಪತ್ರ ಕೇಳಿದ್ದೇನು? ಮುಟ್ಟಿನ ದಿನಗಳು, ಗರ್ಭ ಧರಿಸಿದ ಸಂಖ್ಯೆ, ಗರ್ಭಪಾತಗಳ ಲೆಕ್ಕ. 1991ರಲ್ಲಿ ಸುಪ್ರೀಂ ಕೋರ್ಟು ಆಕೆಗೆ ಕೆಲಸ ವಾಪಸು ಕೊಡಿಸಿ, ಆ ಕಲಂಗಳನ್ನು ತೆಗೆದುಹಾಕಿ ಎಂದು ನಿಗಮಕ್ಕೆ ಹೇಳಿತು. ಆ ತೀರ್ಪಿನ ನಂತರ ಸೇರಿದ ಹುಡುಗಿಯರು ಅಂಥ ಫಾರಮ್ಮಿಗೆ ಉತ್ತರ ಬರೆಯಬೇಕಾಗಿಲ್ಲ. ಯಾರು ಹೋರಾಡಿದ್ದರಿಂದ ಹಾಗಾಯಿತೆಂದು ಅವರಿಗೆ ತರಬೇತಿಯಲ್ಲೇ ಹೇಳಬೇಕು.

ಇನ್ನೊಂದು ತಡೆ ಇನ್ನೂ ಇದೆ. ಕನ್ನಡದಲ್ಲಿ ರುಜು ಹಾಕಿದ, ಹೆಬ್ಬೆಟ್ಟು ಒತ್ತಿದ ಪ್ರಪೋಸಲ್ಲುಗಳ ಜತೆಗೆ ಒಂದು ಘೋಷಣೆ ಇರಬೇಕು: ಫಾರಮ್ಮಿನಲ್ಲಿರುವುದನ್ನು ಇವರಿಗೆ ಬಿಡಿಸಿ ಹೇಳಿದ್ದೇನೆ, ಅವರು ಅರ್ಥ ಮಾಡಿಕೊಂಡಿದ್ದಾರೆ ಎಂದು. ಅಂದರೆ ಜನರ ಭಾಷೆಯಲ್ಲಿ ಬಿಡಿಸಿ ಹೇಳುವುದೇ ಈ ಕಸುಬಿನ ಬುಡ. ಆದರೆ ಅಧಿಕಾರಿಯಾಗಲು ಬರೆಯುವ ಎಎಒ ಪರೀಕ್ಷೆ ನಡೆಯುತ್ತಿರುವುದು ಇಂಗ್ಲಿಷ್, ಹಿಂದಿಯಲ್ಲಿ. ಕನ್ನಡದಲ್ಲಿ ಪದವಿ ಓದಿ, ಲೆಕ್ಕದಲ್ಲಿ ಚುರುಕಾದ ಹುಡುಗಿಯರು ತಿಪಟೂರಿನಲ್ಲೂ ಯಾದಗಿರಿಯಲ್ಲೂ ಇದ್ದಾರೆ. ಆ ಪ್ರಶ್ನೆಪತ್ರಿಕೆಯನ್ನು ಅವರ ಭಾಷೆಯಲ್ಲೂ ಅಚ್ಚು ಹಾಕಿಸಬೇಕು, ಬರುವ ನೇಮಕಾತಿಯಲ್ಲೇ.