ಪುಂಡಿ ಹೂವಿನ ಕೆಂಪು ಪಾನಕ: ಜಮೈಕಾದ ಡಿಸೆಂಬರ್ ಕಥೆ

ಪುಂಡಿ ಪಲ್ಯ ಗೊತ್ತಿಲ್ಲದ ಮನೆ ಉತ್ತರ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೊಂದಿಷ್ಟು ಎಣ್ಣೆ. ಇಷ್ಟಿದ್ದರೆ ಊಟ ಆಯಿತು. ಅಕ್ಕಡಿ ಸಾಲಿನಲ್ಲೋ ಹೊಲದ ಬದುವಿನಲ್ಲೋ ಬೆಳೆಯುವ ಈ ಗಿಡದ ಸೊಪ್ಪನ್ನು ನಾವು ತಿನ್ನುತ್ತೇವೆ, ನಾರಿನಿಂದ ಹಗ್ಗ ಹೊಸೆಯುತ್ತೇವೆ. ಹೂವಿನ ಗೊಡವೆಗೆ ಹೋಗುವವರು ಕಡಿಮೆ. ಆದರೆ ಕೆರಿಬಿಯನ್ ದ್ವೀಪಗಳಲ್ಲಿ ಇದೇ ಗಿಡದ ಹೂವಿನ ಬುಡವನ್ನು ಕುದಿಸಿ ಕುಡಿಯದಿದ್ದರೆ ಹಬ್ಬವೇ ಆಗುವುದಿಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮಲ್ಲಿ ಪುಂಡಿ ಅಂತ ಕರೆಯುವ ಗಿಡ ಎರಡು ಬಗೆ. ಎರಡೂ ದಾಸವಾಳದ ಕುಲದವೇ. ಅದರಲ್ಲಿ ಕೆಂಪು ದಂಟಿನ, ಹೂ ಉದುರಿದ ಮೇಲೆ ಬುಡ ದಪ್ಪಗಾಗಿ ಕಡುಗೆಂಪಾಗುವ ಪುಂಡಿಯೇ ನಮ್ಮ ಈ ಕಥೆಯ ನಾಯಕಿ. ಜಮೈಕಾ, ಟ್ರಿನಿಡಾಡ್, ಬಾರ್ಬಡೋಸ್‌ನವರು ಇದನ್ನು 'ಸಾರೆಲ್' ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ ಸಾರೆಲ್ ಅಂದರೆ ಬೇರೆಯೇ ಒಂದು ಹುಳಿ ಸೊಪ್ಪು. ಹುಳಿ ಕಂಡ ಕಡೆ ಆ ಹೆಸರು ಅಂಟಿಕೊಂಡಿದೆ. 'ಹೂವಿನ ಚಹಾ' ಅಂತ ಅಂಗಡಿಯವರು ಬರೆದರೂ ಇದರಲ್ಲಿ ಹೂವೂ ಇಲ್ಲ, ಚಹಾ ಸೊಪ್ಪೂ ಇಲ್ಲ. ತಿಳಿಹಳದಿ ಎಸಳುಗಳು ಒಂದೇ ದಿನಕ್ಕೆ ಬಾಡುತ್ತವೆ. ಆಮೇಲೆ ಉಳಿದು ಉಬ್ಬುವ ಬುಡದ ಬಟ್ಟಲನ್ನೇ ಕುದಿಸುವುದು.

ಈ ಗಿಡ ಕೆರಿಬಿಯನ್‌ಗೆ ಹೋದದ್ದು ಹೇಗೆ? ಇದರ ತವರು ಆಫ್ರಿಕಾ. ಸೆನೆಗಲ್‌ನಲ್ಲಿ ಇದರ ಪಾನಕಕ್ಕೆ ಬಿಸ್ಸಾಪ್ ಅನ್ನುತ್ತಾರೆ, ನೈಜೀರಿಯಾದಲ್ಲಿ ಜೋಬೋ, ಸುಡಾನ್ ಮತ್ತು ಈಜಿಪ್ಟ್‌ನಲ್ಲಿ ಕರ್ಕದೆ. ಗುಲಾಮರ ಹಡಗುಗಳು ಹೊರಡುತ್ತಿದ್ದ ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲಿ ಇದು ದಿನನಿತ್ಯದ ಸೊಪ್ಪು, ದಿನನಿತ್ಯದ ಪಾನಕ. ಜಮೈಕಾವನ್ನು 1655ರಲ್ಲಿ ಸ್ಪೇನ್‌ನಿಂದ ಕಿತ್ತುಕೊಂಡ ಇಂಗ್ಲಿಷರು ಕಬ್ಬಿನ ತೋಟ ಎಬ್ಬಿಸಲು ಅಲ್ಲಿಂದ ಜನರನ್ನು ಹಿಡಿದು ತಂದರು. 1707ರ ಹೊತ್ತಿಗಾಗಲೇ ಈ ಗಿಡ ಜಮೈಕಾದಲ್ಲಿ ಬೆಳೆಯುತ್ತಿತ್ತು ಎಂಬುದಕ್ಕೆ ದಾಖಲೆ ಇದೆ.

ಹಳೆಯ ಪುಸ್ತಕಗಳಲ್ಲಿ ಯಾವ ಗಿಡ ಯಾವ ದೊರೆಯ ಕಾಲಕ್ಕೆ ಬಂತು, ಯಾವ ಪಂಡಿತ ಅದಕ್ಕೆ ಹೆಸರಿಟ್ಟ ಅನ್ನುವುದು ಸಿಗುತ್ತದೆ. ಬಿತ್ತಿದವರ, ನೀರು ಹಾಕಿದವರ ಹೆಸರು ಸಿಗುವುದಿಲ್ಲ. 2009ರಲ್ಲಿ ಜುಡಿತ್ ಕಾರ್ನಿ ಮತ್ತು ರಿಚರ್ಡ್ ರೊಸೊಮಾಫ್ ಎಂಬ ಸಂಶೋಧಕರು ಇದನ್ನೇ ಹಿಡಿದು ಒಂದು ದೊಡ್ಡ ಪುಸ್ತಕ ಬರೆದರು. ಹಡಗಿನಲ್ಲಿ ಆಫ್ರಿಕಾದ ಕಾಳುಕಡಿಯೂ ಬರುತ್ತಿತ್ತು, ಅದನ್ನು ನೆಲಕ್ಕೆ ಹಾಕಿ ಹೊಸ ಊರಿನಲ್ಲಿ ಬದುಕಿಸಿದವರು ಗುಲಾಮರೇ ಎಂಬುದು ಅವರ ವಾದ. ನಮಗೆ ಈ ಮಾತು ಸರಿ ಅನ್ನಿಸುತ್ತದೆ. ಬೀಜವೊಂದಿದ್ದರೆ ಸಾಲದು. ಅದನ್ನು ಯಾವಾಗ ಬಿತ್ತಬೇಕು, ಯಾವುದನ್ನು ಕಿತ್ತು ಯಾವುದನ್ನು ಬಿಡಬೇಕು ಅನ್ನುವುದು ಗೊತ್ತಿರುವ ಕೈ ಬೇಕು.

ಆ ಕೈಗಳಿಗೆ ಜಾಗವೂ ಸಿಕ್ಕಿತ್ತು. ಜಮೈಕಾದ ತೋಟದ ಧಣಿಗಳು ಗುಲಾಮರಿಗೆ ಊಟ ಹಾಕುವ ಖರ್ಚು ಉಳಿಸಲು, ಕಬ್ಬಿಗೆ ಬಾರದ ಗುಡ್ಡದ ತುಂಡು ನೆಲಗಳನ್ನು ಬಿಟ್ಟುಕೊಡುತ್ತಿದ್ದರು. 'ನಿಮ್ಮ ಕೂಳು ನೀವೇ ಬೆಳೆದುಕೊಳ್ಳಿ' ಅನ್ನುವ ಲೆಕ್ಕ. ವಾರವಿಡೀ ಧಣಿಯ ಕಬ್ಬು, ಉಳಿದ ಚೂರುಪಾರು ಹೊತ್ತಿನಲ್ಲಿ ತಮ್ಮ ಗೆಣಸು, ಬಾಳೆ, ಸೊಪ್ಪು. ಮಿಕ್ಕಿದ್ದನ್ನು ಭಾನುವಾರದ ಸಂತೆಗೆ ಹೊತ್ತು ಮಾರುತ್ತಿದ್ದರು. ದ್ವೀಪದ ಸಂತೆ ನಡೆಯುತ್ತಿದ್ದದ್ದೇ ಅವರಿಂದ.

ಇನ್ನು ಕ್ರಿಸ್ಮಸ್ಸಿನ ನಂಟು. ಈ ಗಿಡ ಹಗಲು ಕಿರಿದಾದಾಗ ಮಾತ್ರ ಹೂಬಿಡುತ್ತದೆ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ ಮತ್ತು ನಮ್ಮ ಬೀದರ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಸುಮಾರು 18 ಡಿಗ್ರಿ ಉತ್ತರ. ಹಗಲು ಅಲ್ಲೂ ಇಲ್ಲೂ ಒಂದೇ ಅಳತೆ. ಹಾಗಾಗಿ ಅಲ್ಲೂ ನವೆಂಬರ್–ಡಿಸೆಂಬರ್‌ಗೇ ಬಟ್ಟಲು ಕೆಂಪಾಗುವುದು. ಗುಲಾಮರಿಗೆ ವರ್ಷದಲ್ಲಿ ಸಿಗುತ್ತಿದ್ದ ದೊಡ್ಡ ರಜೆಯೂ ಆಗಲೇ, ಕ್ರಿಸ್ಮಸ್ಸಿನ ಮೂರು ದಿನ.

1831ರಲ್ಲಿ ಆ ರಜೆ ಮುಗಿಯುವಾಗಲೇ ಜಮೈಕಾ ಹೊತ್ತಿಕೊಂಡಿತು. ಸ್ಯಾಮ್ ಶಾರ್ಪ್ ಎಂಬ ಗುಲಾಮ, ಬ್ಯಾಪ್ಟಿಸ್ಟ್ ಚರ್ಚಿನ ಸೇವಕ, ಮುಷ್ಕರಕ್ಕೆ ಕರೆ ಕೊಟ್ಟಿದ್ದ: ರಜೆ ಆದ ಮೇಲೆ ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ. ಡಿಸೆಂಬರ್ 27ರ ರಾತ್ರಿ ತೋಟಗಳಿಗೆ ಬೆಂಕಿ ಬಿತ್ತು. ಸುಮಾರು 60,000 ಮಂದಿ ಎದ್ದು ನಿಂತರು. ಸೈನ್ಯ ಬಂದು ತುಳಿದ ಮೇಲೆ 300ಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಆಯಿತು. 1832ರ ಮೇ 23ರಂದು ಶಾರ್ಪ್‌ನನ್ನೂ ನೇಣಿಗೆ ಹಾಕಿದರು. ಮರುವರ್ಷವೇ ಬ್ರಿಟಿಷ್ ಸಂಸತ್ತು ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು. ಪೂರ್ತಿ ಬಿಡುಗಡೆ ಸಿಕ್ಕಿದ್ದು 1838ರ ಆಗಸ್ಟ್ 1ಕ್ಕೆ. ಶಾರ್ಪ್ ಇಂದು ಆ ದೇಶದ ರಾಷ್ಟ್ರವೀರರಲ್ಲಿ ಒಬ್ಬ. ಬಿಡುಗಡೆಯಾದವರು ಧಣಿಯ ಕೊಟ್ಟ ರಜೆಯನ್ನು ತಮ್ಮ ಹಬ್ಬ ಮಾಡಿಕೊಂಡರು. ಸಾರೆಲ್ ಅದರ ಪಾನಕವಾಯಿತು.

ಆ ಲೋಟದೊಳಗೆ ಇಣುಕಿದರೆ ಅರ್ಧ ಜಗತ್ತು ಕಾಣುತ್ತದೆ. ಗಿಡ ಆಫ್ರಿಕಾದ್ದು. ಶುಂಠಿ ಏಷ್ಯಾದ್ದು, 16ನೇ ಶತಮಾನದಲ್ಲಿ ಸ್ಪೇನ್‌ನವರು ತಂದದ್ದು. ಸಕ್ಕರೆ ಮತ್ತು ರಮ್ಮು ಅದೇ ಕಬ್ಬಿನದ್ದು. ಜಮೈಕಾದ ಸ್ವಂತ ಮಸಾಲೆ ಅಂದರೆ ಪಿಮೆಂಟೋ, ಮೆಣಸಿನ ಕಾಳಿನಂಥ, ಲವಂಗದ ಘಮದ ಕಾಯಿ. ಟ್ರಿನಿಡಾಡ್‌ನವರು ಶುಂಠಿಗಿಂತ ಚಕ್ಕೆ, ಲವಂಗಕ್ಕೆ ಒಲಿದವರು.

1845ರ ಮೇ ತಿಂಗಳಲ್ಲಿ ಕರಾರಿನ ಕೂಲಿಗಳಾಗಿ ಭಾರತೀಯರೂ ಈ ಎರಡು ದ್ವೀಪಗಳಿಗೆ ಇಳಿದರು. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಅವರ ಮೊಮ್ಮಕ್ಕಳ ಮನೆಗಳಲ್ಲೂ ಈಗ ಡಿಸೆಂಬರ್ ಬಂತೆಂದರೆ ಸಾರೆಲ್ ಕುದಿಯುತ್ತದೆ. 1904ರಿಂದ 1914ರವರೆಗೆ ಪನಾಮಾ ಕಾಲುವೆ ಅಗೆಯಲು ಹೋದ ಕೆರಿಬಿಯನ್ ಕೂಲಿಗಳು ಪಾನಕವನ್ನು ಅಲ್ಲಿಗೂ ಒಯ್ದರು, ಅಲ್ಲಿ ಅದು 'ಸರಿಲ್' ಆಯಿತು. ಮೆಕ್ಸಿಕೊದವರಂತೂ ಹೂವಿಗೆ ಜಮೈಕಾ ಅಂತಲೇ ಹೆಸರಿಟ್ಟಿದ್ದಾರೆ.

ನಿಮ್ಮ ಹಿತ್ತಲಲ್ಲಿ ಕೆಂಪು ಪುಂಡಿ ಇದ್ದರೆ ಮಾಡಿ ನೋಡಬಹುದು. ಬಟ್ಟಲುಗಳನ್ನು ತೊಳೆದು, ಒಳಗಿನ ಹಸಿರು ಬೀಜದ ಕಾಯಿ ತೆಗೆದುಹಾಕಿ. ಬೇಸರದ ಕೆಲಸವೇ, ಅಲ್ಲಿ ಮನೆಮಂದಿಯೆಲ್ಲ ಕೂತು ಹರಟುತ್ತಾ ಮಾಡುತ್ತಾರೆ. ಜಜ್ಜಿದ ಶುಂಠಿ, ನಾಲ್ಕು ಲವಂಗ ಹಾಕಿ ನೀರು ಕುದಿಸಿ, ಬಟ್ಟಲುಗಳನ್ನು ಹಾಕಿ ಇಳಿಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಸ್ಟೀಲ್ ಪಾತ್ರೆಯೇ ಇರಲಿ, ಹುಳಿ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ಬೆಳಿಗ್ಗೆ ಸೋಸಿ ಸಕ್ಕರೆ ಬೆರೆಸಿ. ಬಿಪಿ ಮಾತ್ರೆ ಬಿಟ್ಟು ಇದನ್ನೇ ಕುಡಿಯಿರಿ ಅಂತ ವಾಟ್ಸಾಪ್‌ನಲ್ಲಿ ಬಂದರೆ ಮಾತ್ರ ನಂಬಬೇಡಿ. ದೊಡ್ಡವರ ಪಾತ್ರೆಗೆ ಜಮೈಕಾದವರು ಒಂದಿಷ್ಟು ರಮ್ಮು ಸುರಿಯುತ್ತಾರೆ, ಮಕ್ಕಳ ಪಾತ್ರೆ ಬೇರೆ ಇರುತ್ತದೆ. ತೆಗೆದ ಕಾಯಿಗಳನ್ನು ಎಸೆಯಬೇಡಿ. ಬಲಿತದ್ದನ್ನು ಒಣಗಿಸಿಟ್ಟರೆ ಬರುವ ಮುಂಗಾರಿಗೆ ಬಿತ್ತನೆಗೆ ಆಗುತ್ತದೆ.